ಬಿಎಸ್ಸಿ ಮೊದಲ ಸೆಮಿಸ್ಟರ್ ಜೀವವಿಜ್ಞಾನ: ಸೀನಿಯರ್‌ಗಳಿಂದ ಮೆಂಟರಿಂಗ್ ನಡೆಸೋದು ಹೇಗೆ?

ಕೋಶಭಿತ್ತಿ

ಜಿಲ್ಲಾ ಕೇಂದ್ರದ ಪ್ರಥಮ ದರ್ಜೆ ಕಾಲೇಜು. ಮೊದಲ ಸೆಮಿಸ್ಟರ್‌ನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತಗೊಂಡವರು ಸುಮಾರು 90 ಮಂದಿ, ಪ್ರಾಕ್ಟಿಕಲ್‌ಗೆ ಮೂರು ಬ್ಯಾಚ್. ಐದನೇ ಸೆಮಿಸ್ಟರ್‌ನವರನ್ನು ಮೆಂಟರ್ ಮಾಡಿಕೊಂಡು ವಾರಕ್ಕೊಮ್ಮೆ ಗುಂಪಲ್ಲಿ ಕೂರಿಸುವ ಯೋಚನೆ ಇದೆ. ನ್ಯಾಕ್‌ಗೆ (ಕಾಲೇಜಿಗೆ ದರ್ಜೆ ಕೊಡುವ ಸಂಸ್ಥೆ) ತೋರಿಸುವ ಮೆಂಟರ್-ಮೆಂಟೀ ರಿಜಿಸ್ಟರ್ ಬೇರೆ. ಅದರಲ್ಲಿ ಒಬ್ಬೊಬ್ಬ ಮೇಷ್ಟ್ರಿಗೆ ಇಷ್ಟಿಷ್ಟು ಮಕ್ಕಳು ಅಂತ ಹಂಚಿ ಸಹಿ ಹಾಕಿಸಿದರೆ ಕೆಲಸ ಮುಗೀತು. ನಾನು ಕೇಳುತ್ತಿರುವುದು ವಿಷಯ ತಲೆಗೆ ಹತ್ತಿಸುವ ಕೆಲಸದ ಬಗ್ಗೆ. ಗುಂಪು ಎಷ್ಟು ದೊಡ್ಡದಿರಬೇಕು, ಯಾರನ್ನು ಆರಿಸಬೇಕು, ಒಂದು ಗಂಟೆಯಲ್ಲಿ ಏನು ಮಾಡಿಸಬೇಕು, ಎಲ್ಲಿ ಕೆಡುತ್ತದೆ? ಗೊತ್ತಿದ್ದವರು ವಿವರವಾಗಿ ಬರೆಯಿರಿ. "ಒಳ್ಳೆಯ ಪ್ರಯತ್ನ, ಶುಭವಾಗಲಿ" ಅನ್ನುವ ಕಾಮೆಂಟ್ ಬೇಡ, ದಯವಿಟ್ಟು.

ಬೇರುತುದಿ

ಸರ್, ಗುಂಪಿಗೆ 6ರಿಂದ 8 ಜನ. ಹತ್ತು ದಾಟಿದರೆ ಹಿಂದೆ ಕೂತ ಮೂವರು ಬಾಯಿ ಬಿಡಲ್ಲ, ನಾಲ್ಕಕ್ಕೆ ಇಳಿದರೆ ಇಬ್ಬರು ರಜೆ ಹಾಕಿದ ದಿನ ಗುಂಪೇ ಇರಲ್ಲ. 90 ಜನರಿಗೆ 12 ಗುಂಪು ಆಗುತ್ತೆ. ಒಬ್ಬರಿಗೊಂದು ಗುಂಪು ಕೊಟ್ಟರೆ 12 ಮೆಂಟರ್ ಸಾಕು, ಆದರೆ 15 ಜನರನ್ನು ತಯಾರು ಮಾಡಿಕೊಳ್ಳಿ. ಐದನೇ ಸೆಮ್‌ನವರಿಗೆ ಪಿಜಿ ಪ್ರವೇಶ ಪರೀಕ್ಷೆ, ಪ್ರಾಜೆಕ್ಟ್ ಅಂತ ಯಾವುದಾದರೂ ಬರ್ತಾನೇ ಇರುತ್ತೆ.

ಸಮಯದ ವಿಷಯ ಎಲ್ಲಕ್ಕಿಂತ ಮುಖ್ಯ. ಸಂಜೆ ನಾಲ್ಕರ ಮೇಲೆ ಇಡಬೇಡಿ. ಬಸ್ ಪಾಸ್‌ನಲ್ಲಿ ಹಳ್ಳಿಯಿಂದ ಬರೋರಿಗೆ ಊರಿನ ಬಸ್ ಒಂದೇ ಇರುತ್ತೆ, ಅದು ತಪ್ಪಿದರೆ ಕಷ್ಟ. ಸಹಾಯ ಯಾರಿಗೆ ಹೆಚ್ಚು ಬೇಕೋ ಅವರೇ ಮೊದಲು ಬಿಟ್ಟುಹೋಗ್ತಾರೆ, ಉಳಿಯೋರು ಕಾಲೇಜಿನ ಪಕ್ಕದಲ್ಲೇ ಮನೆ ಇರೋರು. ಎ ಬ್ಯಾಚ್‌ಗೆ ಪ್ರಾಕ್ಟಿಕಲ್ ಇರುವಾಗ ಬಿ, ಸಿ ಬ್ಯಾಚ್ ಏನು ಮಾಡ್ತಿರುತ್ತೆ ನೋಡಿ. ಬಹಳ ಕಾಲೇಜುಗಳಲ್ಲಿ ಖಾಲಿ ಇರುತ್ತೆ. ಆ ಹೊತ್ತನ್ನೇ ಟೈಂಟೇಬಲ್‌ನಲ್ಲಿ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿ. ಟೈಂಟೇಬಲ್‌ನಲ್ಲಿ ಇಲ್ಲದ್ದು ಮೂರನೇ ವಾರಕ್ಕೆ ನಿಂತುಹೋಗುತ್ತೆ.

ಧಾರವಾಡ_ಝೂ

ಮೆಂಟರ್ ಆರಿಸೂ ಮುಂದ ಎಲ್ಲಾರೂ ಟಾಪರ್ ಪಟ್ಟಿ ತಗೀತಾರ. ಅಲ್ಲೇ ಮೊದಲನೇ ತಪ್ಪು ಆಗೂದು ನೋಡ್ರಿ. 90 ಅಂಕ ತಗೊಂಡ ಹುಡುಗಿಗೆ ಆ ವಿಷಯ ಯಾಕ ತಿಳಿಯೂದಿಲ್ಲ ಅನ್ನೂದ ಗೊತ್ತಿರೂದಿಲ್ಲ. ಆಕಿ ನೇರ ಉತ್ತರ ಹೇಳ್ತಾಳ, ಉಳಿದವರು ಬರಕೋತಾರ, ಮುಗೀತು. ಹಂಗಂತ ಪಾಸಾದವರೆಲ್ಲ ಮೆಂಟರ್ ಆಗಲಿಕ್ಕೂ ಬರೂದಿಲ್ಲ. ಆ ಪೇಪರಿನಾಗ 65 ದಾಟಿರಬೇಕು, ಮಾತಾಡಲಿಕ್ಕೆ ಅಂಜಬಾರದು, ಕೇಳೂ ತಾಳ್ಮಿ ಇರಬೇಕು.

ಆಯ್ಕೆಗೆ ಹತ್ತು ನಿಮಿಷದ ಒಂದು ಪರೀಕ್ಷಾ ಸಾಕು. ಜೂನಿಯರ್ ಬರೆದ ಒಂದು ತಪ್ಪು ಉತ್ತರ ಕೊಡ್ರಿ. ಉದಾಹರಣೆಗೆ, "ಎಸ್ ಹಂತದಲ್ಲಿ ಡಿಎನ್‌ಎ ದುಪ್ಪಟ್ಟಾಗುವುದರಿಂದ ಈರುಳ್ಳಿಯ ಬೇರಿನ ಕೋಶದಲ್ಲಿ 32 ಕ್ರೋಮೋಸೋಮ್ ಆಗುತ್ತವೆ." ಆಮೇಲೆ, ಈ ಹುಡುಗನಿಗೆ ಮುಂದಿನ ಮಾತು ಏನಂತ ಹೇಳ್ತೀ ಅಂತ ಕೇಳ್ರಿ. "ಅಲ್ಲೋ, 16 ಅದು" ಅಂದವರನ್ನ ಬಿಡ್ರಿ. "ಸೆಂಟ್ರೋಮಿಯರ್ ಎಷ್ಟದಾವ ಎಣಸು" ಅಂದವರನ್ನ, ಇಲ್ಲಾ "ಚಿತ್ರ ತಗದು ತೋರಸು" ಅಂದವರನ್ನ ಹಿಡೀರಿ. ಕ್ರೋಮೋಸೋಮ್ ಎಣಸೂದು ಸೆಂಟ್ರೋಮಿಯರ್ ಮ್ಯಾಲೆ, ಅಂದ್ರ ನಕಲು ಎಳಿ ಎರಡೂ ಕೂಡಿರೂ ಜಾಗಾದ ಮ್ಯಾಲೆ.

ಪಿಪೆಟ್

ಆಯ್ಕೆಯಾದ ಮೇಲೆ ತರಬೇತಿ ಎರಡು ತರದ್ದು ಬೇಕು. ಸೆಮಿಸ್ಟರ್ ಶುರುವಾಗುವ ಮುಂಚೆ ಎರಡು ಅರ್ಧ ದಿನ, ಆಮೇಲೆ ಪ್ರತಿ ವಾರ ಮುಕ್ಕಾಲು ಗಂಟೆ. ಮೊದಲನೆಯದನ್ನು ಎಲ್ಲರೂ ಮಾಡ್ತಾರೆ, ಸರ್ಟಿಫಿಕೇಟ್ ಫೋಟೋನೂ ತೆಗೀತಾರೆ. ಯೋಜನೆ ನಿಲ್ಲೋದು ಎರಡನೆಯದರ ಮೇಲೆ. ವಾರದ ಸಭೆಯಲ್ಲಿ ಆ ವಾರದ ಪ್ರಶ್ನೆ ಹಾಳೆಯನ್ನು ಮೆಂಟರ್‌ಗಳೇ ಕೂತು ಬಿಡಿಸಬೇಕು, ಮೇಷ್ಟ್ರು ಎದುರಿಗಿರಬೇಕು. ಐದನೇ ಸೆಮ್ ಹುಡುಗರಿಗೆ ಮೊದಲನೇ ಸೆಮ್ ವಿಷಯ ನೆನಪಿದೆ ಅಂತ ಅವರೂ ಅಂದುಕೊಂಡಿರ್ತಾರೆ, ನಾವೂ ಅಂದುಕೊಂಡಿರ್ತೀವಿ. ವಾಟರ್ ಪೊಟೆನ್ಶಿಯಲ್ (ನೀರು ಯಾವ ಕಡೆ ಹರಿಯುತ್ತೆ ಅಂತ ಹೇಳೋ ಅಳತೆ) ಲೆಕ್ಕ ಕೊಟ್ಟಾಗ ಗೊತ್ತಾಗುತ್ತೆ ಎಷ್ಟು ನೆನಪಿದೆ ಅಂತ.

ಹೊರನಾಡ_ಜೀವಶಾಸ್ತ್ರ

ಇದರ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ, ಹೊಸದಾಗಿ ಎಲ್ಲ ಕಂಡುಹಿಡಿಯುವುದು ತಪ್ಪುತ್ತದೆ. ಅಮೆರಿಕದಲ್ಲಿ ಮೂರು ಮಾದರಿ ಚಾಲ್ತಿಯಲ್ಲಿವೆ.

1973ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್‌ನಲ್ಲಿ ಶುರುವಾದದ್ದು ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್. ಅದರ ಮುಖ್ಯ ಗುಟ್ಟು ಒಂದೇ: "ದಡ್ಡ ವಿದ್ಯಾರ್ಥಿ" ಎಂದು ಯಾರನ್ನೂ ಗುರುತಿಸುವುದಿಲ್ಲ, ಹೆಚ್ಚು ಜನ ಫೇಲಾಗುವ ಅಥವಾ ಅರ್ಧಕ್ಕೇ ಕೈಬಿಡುವ ಕೋರ್ಸನ್ನು ಗುರುತಿಸುತ್ತಾರೆ. ಆ ಕೋರ್ಸಿನ ಯಾರು ಬೇಕಾದರೂ ಬರಬಹುದು. ಸೀನಿಯರ್ ಮತ್ತೆ ಅದೇ ತರಗತಿಯಲ್ಲಿ ಕೂತು ಪಾಠ ಕೇಳುತ್ತಾನೆ.

ಎರಡನೆಯದು ನ್ಯೂಯಾರ್ಕಿನ ಸಿಟಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ 1990ರ ದಶಕದ ಆರಂಭದಲ್ಲಿ ಬೆಳೆದ ಪಿಯರ್-ಲೆಡ್ ಟೀಮ್ ಲರ್ನಿಂಗ್. ಜೀವವಿಜ್ಞಾನಕ್ಕೆ ಆಮೇಲೆ ಬಂತು. ಆರೆಂಟು ಜನರ ಗುಂಪು, ವಾರಕ್ಕೊಮ್ಮೆ ಒಂದೂವರೆಯಿಂದ ಎರಡು ಗಂಟೆ, ಕಠಿಣ ಪ್ರಶ್ನೆಗಳು. ಉತ್ತರ ಪಟ್ಟಿ ಕೊಡುವುದಿಲ್ಲ. ಮೂರನೆಯದು ಕೊಲರಾಡೊ ವಿಶ್ವವಿದ್ಯಾಲಯ, ಬೌಲ್ಡರ್‌ನಿಂದ ಹರಡಿದ ಲರ್ನಿಂಗ್ ಅಸಿಸ್ಟೆಂಟ್ ಮಾದರಿ. ಅಲ್ಲಿ ಸೀನಿಯರ್‌ಗಳು ತರಗತಿಯ ಒಳಗೇ ಓಡಾಡುತ್ತಾ ಗುಂಪುಗಳಿಗೆ ಸಹಾಯ ಮಾಡುತ್ತಾರೆ, ಜೊತೆಗೆ ಬೋಧನೆಯ ಬಗ್ಗೆ ಒಂದು ಕೋರ್ಸನ್ನೂ ಓದುತ್ತಾರೆ.

ನಿಮ್ಮ ಕಾಲೇಜಿಗೆ ಎರಡನೆಯದು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಸೀನಿಯರ್‌ಗೆ ತನ್ನದೇ ತರಗತಿ ಇರುವಾಗ ಜೂನಿಯರ್ ಪಾಠಕ್ಕೆ ಬಂದು ಕೂರಲು ಆಗುವುದಿಲ್ಲ. ಅದರ ಬದಲು ಗುಂಪಿನ ಒಬ್ಬರು ಆ ವಾರದ ನೋಟ್ಸಿನ ಫೋಟೋ ಮೆಂಟರ್‌ಗೆ ಕಳಿಸಲಿ. ಮೇಷ್ಟ್ರು ಎಲ್ಲಿವರೆಗೆ ಬಂದಿದ್ದಾರೆ, ಯಾವ ಚಿತ್ರ ಹಾಕಿಸಿದ್ದಾರೆ ಎಂಬುದು ತಿಳಿದರೆ ಸಾಕು.

ಮೂರನೇ_ಬೆಂಚು

ಉತ್ತರ ಕೊಡದೆ ಬರೀ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರೆ ನಮಗೆ ತಲೆಕೆಡುತ್ತೆ. ಪರೀಕ್ಷೆ ಹತ್ತಿರ ಬಂದಾಗ "ನೀನೇ ಯೋಚಿಸು" ಅನ್ನೋ ಅಕ್ಕ ಬೇಡ, ಎರಡು ಪುಟ ನೋಟ್ಸ್ ಕೊಡೋ ಅಣ್ಣ ಬೇಕು ಅಂತ ಎಲ್ಲರೂ ಅಂದ್ಕೊಳ್ತಾರೆ. ಸುಳ್ಳಲ್ಲ.

ಧಾರವಾಡ_ಝೂ

ಮೂರನೇ ಬೆಂಚಿನವರ ಮಾತು ಖರೇ ಅದ. ಉತ್ತರನ ಇಲ್ಲದ ಮಾದರಿ ನಮ್ಮಲ್ಲಿ ಹಂಗ ಹಂಗೇ ನಡಿಯೂದಿಲ್ಲ. ಇನ್ನೊಂದು ಅಪಾಯನೂ ಅದ: ಮೆಂಟರ್‌ಗೇ ತಪ್ಪು ತಿಳಿದಿದ್ರ ಎಂಟು ಮಂದಿ ತಪ್ಪು ಕಲಿತು ಹೋಗ್ತಾರ. ನಡುವಿನ ದಾರಿ ಹಿಂಗ ಇಟ್ಕೋರಿ. ಉತ್ತರದ ಹಾಳಿ ಮೇಷ್ಟ್ರ ಕಡೆ ಇರಲಿ. ಗುಂಪು ಹಾಳಿ ಬಿಡಿಸಿ ಮುಗಿಸಿದ ಮ್ಯಾಲೆ ಕಡೇ ಐದು ನಿಮಿಷಕ್ಕ ಅದನ್ನ ತೆರೀರಿ. ತಾವು ಬರದದ್ದಕ್ಕೂ ಅದಕ್ಕೂ ಎಲ್ಲಿ ಫರಕ್ ಬಂತು ಅಂತ ಬ್ಯಾರೆ ಬಣ್ಣದ ಪೆನ್ನಿಲೆ ಅವರೇ ತಿದ್ದಲಿ. ಗುಂಪಿನಾಗ ಬಗೆಹರಿಯದ ಪ್ರಶ್ನಾ ಒಂದು ಚೀಟಿ ಮ್ಯಾಲೆ ಬರದು ಅವತ್ತೇ ಸ್ಟಾಫ್ ರೂಮಿಗೆ ಮುಟ್ಟಬೇಕು, ಮರುದಿನದ ಕ್ಲಾಸಿನಾಗ ಮೊದಲನೇ ಐದು ನಿಮಿಷ ಅದಕ್ಕ. ಆ ಚೀಟಿಗಳು ಮೇಷ್ಟ್ರಿಗೂ ಒಳ್ಳೆ ಕನ್ನಡಿ. ಹನ್ನೆರಡು ಗುಂಪಿನಾಗ ಒಂಬತ್ತು ಗುಂಪು ಅದೇ ಪ್ರಶ್ನಾ ಕಳಿಸಿದ್ರ ಪಾಠನ ಮತ್ತೊಮ್ಮಿ ಮಾಡಬೇಕು ಅಂತ ಅರ್ಥ.

ಬೇರುತುದಿ

ಒಂದು ಗಂಟೆ ಹೇಗೆ ಕಳೆಯಬೇಕು ಅಂತ ಕೇಳಿದ್ರಿ. ಮೊದಲ ಐದು ನಿಮಿಷ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಹೋದ ವಾರದ್ದು ನೆನಪಿದ್ದಷ್ಟು ಬರೆಯೋದು. ಅಂಕ ಇಲ್ಲ, ಯಾರೂ ನೋಡಲ್ಲ. ಆಮೇಲೆ 35-40 ನಿಮಿಷ ಪ್ರಶ್ನೆ ಹಾಳೆ, ಇಬ್ಬಿಬ್ಬರಾಗಿ. ನಾಲ್ಕಕ್ಕಿಂತ ಹೆಚ್ಚು ಪ್ರಶ್ನೆ ಹಾಕಬೇಡಿ. ಕೊನೆಗೆ ಹತ್ತು ನಿಮಿಷ ಒಂದು ಪರೀಕ್ಷೆ ಪ್ರಶ್ನೆಗೆ ಉತ್ತರ ಬರೆಯೋದು, ಐದು ನಿಮಿಷ ತಿದ್ದೋದು. ಈ ಕೊನೆಯ ಭಾಗ ಬಿಟ್ಟರೆ ಜೂನಿಯರ್ಸ್ ಬರೋದನ್ನೇ ನಿಲ್ಲಿಸ್ತಾರೆ, ಯಾಕಂದ್ರೆ ಪರೀಕ್ಷೆಗೆ ಇದರಿಂದ ಏನು ಉಪಯೋಗ ಅಂತ ಅವರಿಗೆ ಕಾಣಲ್ಲ.

ಕೋಶ ವಿಭಜನೆಗೆ ಉಲ್ಲನ್ ದಾರದ ಚಟುವಟಿಕೆ ಎಲ್ಲರಿಗೂ ಗೊತ್ತು, ಆದರೆ ಬಣ್ಣ ತಪ್ಪು ಹಾಕಿಬಿಡ್ತಾರೆ. ಒಂದು ಕೆಂಪು, ಒಂದು ನೀಲಿ ದಾರ ಸೇರಿಸಿ ಕಟ್ಟಿ "ಇದು ಕ್ರೋಮೋಸೋಮ್" ಅಂದರೆ, ಸಿಸ್ಟರ್ ಕ್ರೊಮ್ಯಾಟಿಡ್‌ಗಳಲ್ಲಿ (ಒಂದೇ ಕ್ರೋಮೋಸೋಮಿನ ಎರಡು ನಕಲು ಎಳೆ) ಒಂದು ಅಮ್ಮನದು ಒಂದು ಅಪ್ಪನದು ಅಂತ ಕೂತುಬಿಡುತ್ತೆ. ಆಮೇಲೆ ಮಿಯಾಸಿಸ್ (ಕ್ರೋಮೋಸೋಮ್ ಸಂಖ್ಯೆ ಅರ್ಧ ಮಾಡೋ ವಿಭಜನೆ) ಯಾವತ್ತೂ ಅರ್ಥ ಆಗಲ್ಲ. ಸರಿಯಾದ ಲೆಕ್ಕ ಹೀಗೆ: 2ಎನ್ = 4 (ಒಟ್ಟು ನಾಲ್ಕು ಕ್ರೋಮೋಸೋಮ್) ಇರುವ ಒಂದು ಕಾಲ್ಪನಿಕ ಕೋಶ. 15 ಸೆಂಟಿಮೀಟರ್ ಉದ್ದದ ಕೆಂಪು ದಾರ ಎರಡು, ನೀಲಿ ಎರಡು. 8 ಸೆಂಟಿಮೀಟರಿನ ಕೆಂಪು ಎರಡು, ನೀಲಿ ಎರಡು. ಕೆಂಪು ಅಮ್ಮನಿಂದ, ನೀಲಿ ಅಪ್ಪನಿಂದ. ಜಿ1ನಲ್ಲಿ (ಡಿಎನ್‌ಎ ದುಪ್ಪಟ್ಟಾಗುವ ಮುಂಚಿನ ಹಂತ) ಮೇಜಿನ ಮೇಲೆ ಪ್ರತಿ ತರದ್ದು ಒಂದೊಂದೇ ಇಡಬೇಕು, ಒಟ್ಟು ನಾಲ್ಕು. ಎಸ್ ಹಂತ ಬಂದಾಗ ಉಳಿದ ನಾಲ್ಕನ್ನು ಅದೇ ಬಣ್ಣದ, ಅದೇ ಉದ್ದದ ದಾರದ ಜೊತೆ ಜೋಡಿಸಿ ಟಿಚ್ ಬಟನ್‌ನಿಂದ ಹಿಡಿಸಬೇಕು. ಬಟನ್ ಅಂದರೆ ಸೆಂಟ್ರೋಮಿಯರ್ ಅಂತ ಇಟ್ಕೊಳ್ಳಿ.

ಪ್ರತಿ ಹಂತಕ್ಕೂ ಎರಡು ಸಂಖ್ಯೆ ಬರೆಸಿ, ಕ್ರೋಮೋಸೋಮ್ ಎಷ್ಟು, ಡಿಎನ್‌ಎ ಅಣು ಎಷ್ಟು. ಜಿ1: 4, 4. ಜಿ2 (ದುಪ್ಪಟ್ಟಾದ ಮೇಲೆ): 4, 8. ಮೆಟಾಫೇಸ್: 4, 8. ಅನಾಫೇಸ್‌ನಲ್ಲಿ ಬಟನ್ ಬಿಚ್ಚಿದ ತಕ್ಷಣ: 8, 8. ಮಗಳು ಕೋಶ ಒಂದೊಂದಕ್ಕೆ: 4, 4. ಮಿಯಾಸಿಸ್ ಒಂದು ಮುಗಿದ ಮೇಲೆ ಪ್ರತಿ ಕೋಶಕ್ಕೆ 2, 4. ಎರಡು ಮುಗಿದ ಮೇಲೆ 2, 2. ಗುಂಪು ಎಡವೋದು ಅನಾಫೇಸ್‌ನಲ್ಲಿ ಮತ್ತು ಮಿಯಾಸಿಸ್ ಒಂದರ ಕೊನೆಯಲ್ಲಿ. ಅಲ್ಲಿ ಮೆಂಟರ್ ಹೇಳಬೇಕಾದ ಮಾತು ಒಂದೇ, "ಬಟನ್ ಎಣಿಸಿ". ಅನಾಫೇಸ್‌ನಲ್ಲಿ ಬಟನ್‌ನ ಎರಡು ಅರ್ಧ ಬೇರೆ ಬೇರೆ ಆಗಿರುತ್ತೆ, ಆಗ ಒಂದೊಂದು ಅರ್ಧವೂ ಒಂದು. ಇದಾದ ಮೇಲೆ ಈರುಳ್ಳಿಯ 2ಎನ್ = 16 ಕೊಟ್ಟು ಅದೇ ಕೋಷ್ಟಕ ದಾರ ಇಲ್ಲದೆ ತುಂಬಿಸಿ.

ಕೋಶಭಿತ್ತಿ

ಇದು ತುಂಬಾ ಉಪಯೋಗ. ಹಾಗಾದರೆ ಪ್ರಾಕ್ಟಿಕಲ್‌ಗೂ ಮೆಂಟರ್‌ಗಳನ್ನು ಒಳಗೆ ಬಿಡಬಹುದಾ? ಈರುಳ್ಳಿ ಬೇರಿನ ತುದಿಯನ್ನು ಸ್ಲೈಡ್ ಮೇಲೆ ಒತ್ತಿ ನೋಡುವ ಸ್ಕ್ವಾಶ್‌ನಲ್ಲಿ ಮೂರು ಬ್ಯಾಚ್‌ನಲ್ಲೂ ಅರ್ಧ ಜನಕ್ಕೆ ಏನೂ ಕಾಣಲ್ಲ, ಪಕ್ಕದವರ ಸ್ಲೈಡ್ ನೋಡಿ ಚಿತ್ರ ಬರೀತಾರೆ.

ಪಿಪೆಟ್

ಬಿಡಬಹುದು, ಒಂದು ಷರತ್ತಿನ ಮೇಲೆ. ಆಮ್ಲ ಬೆರೆಸೋದು, ಬಿಸಿ ಮಾಡೋದು ಇನ್‌ಸ್ಟ್ರಕ್ಟರ್ ಕೈಯಲ್ಲೇ ಇರಲಿ. ಮೆಂಟರ್ ಕೆಲಸ ಸ್ಲೈಡ್ ಪಕ್ಕದಲ್ಲಿ ನಿಂತು "ಏನು ಕಾಣ್ತಿದೆ" ಅಂತ ಕೇಳೋದು.

ಸ್ಕ್ವಾಶ್ ಎಲ್ಲಿ ಹಾಳಾಗುತ್ತೆ ಅಂತ ಮೆಂಟರ್‌ಗೆ ಗೊತ್ತಿರಬೇಕು. ಈರುಳ್ಳಿಯ ಹಳೇ ಒಣ ಬೇರು ಕೆರೆದು, ತಳ ಮಾತ್ರ ನೀರಿಗೆ ತಾಗುವ ಹಾಗೆ ಎರಡು ಮೂರು ದಿನ ಇಟ್ಟರೆ ಒಂದೆರಡು ಸೆಂಟಿಮೀಟರ್ ಹೊಸ ಬೇರು ಬರುತ್ತೆ. ಬೆಳಗ್ಗೆ ಕತ್ತರಿಸಿ, ಮೂರು ಭಾಗ ಆಲ್ಕೋಹಾಲ್, ಒಂದು ಭಾಗ ಗ್ಲೇಶಿಯಲ್ ಅಸಿಟಿಕ್ ಆಮ್ಲದ ಫಿಕ್ಸೆಟಿವ್‌ನಲ್ಲಿ 24 ಗಂಟೆ ಇಡಬೇಕು. ಆಮೇಲೆ 70 ಪರ್ಸೆಂಟ್ ಆಲ್ಕೋಹಾಲ್‌ನಲ್ಲಿಟ್ಟರೆ ಮುಂದಿನ ಬ್ಯಾಚ್‌ಗೂ ಆಗುತ್ತೆ. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಗೆ ಐದರಿಂದ ಹತ್ತು ನಿಮಿಷ, ನೀರಲ್ಲಿ ಚೆನ್ನಾಗಿ ತೊಳೆದು ಅಸಿಟೋಕಾರ್ಮೈನ್ ಬಣ್ಣ.

ಈಗ ತಪ್ಪುಗಳು. ಕೋಶಗಳೆಲ್ಲ ಉದ್ದುದ್ದ, ಇಟ್ಟಿಗೆ ಜೋಡಿಸಿದ ಹಾಗಿದ್ದು ಒಂದೂ ವಿಭಜನೆ ಇಲ್ಲ ಅಂದರೆ ಬೇರಿನ ತುದಿ ಬಿಟ್ಟು ಮೇಲಿನ ಭಾಗ ತಗೊಂಡಿದ್ದಾರೆ. ಬೇಕಾದ್ದು ತುದಿಯ ಒಂದೆರಡು ಮಿಲಿಮೀಟರ್ ಮಾತ್ರ, ಬಣ್ಣ ಹಿಡಿದಾಗ ಅದು ಉಳಿದ ಭಾಗಕ್ಕಿಂತ ಗಾಢವಾಗಿ ಕಾಣುತ್ತೆ. ಕೋಶಗಳು ಪದರ ಪದರವಾಗಿ ಒಂದರ ಮೇಲೊಂದು ಬಿದ್ದಿದ್ದರೆ ಆಮ್ಲದ ಸಮಯ ಸಾಲದು, ಇಲ್ಲವೇ ಅಂಗಾಂಶ ಜಾಸ್ತಿ. ಬಣ್ಣವೇ ಹಿಡಿದಿಲ್ಲ ಅಂದರೆ ಆಮ್ಲ ತೊಳೆದಿಲ್ಲ. ಎಲ್ಲವೂ ಕೆಂಪು ಕೆಂಪು, ನ್ಯೂಕ್ಲಿಯಸ್ ಬೇರೆ ಕಾಣಲ್ಲ ಅಂದರೆ ಬಣ್ಣ ಹೆಚ್ಚಾಯ್ತು, 45 ಪರ್ಸೆಂಟ್ ಅಸಿಟಿಕ್ ಆಮ್ಲದ ಒಂದು ಹನಿ ಹಾಕಿ ಇನ್ನೊಂದು ಕಡೆಯಿಂದ ಬ್ಲಾಟಿಂಗ್ ಪೇಪರಲ್ಲಿ ಎಳೀಬೇಕು. ಕ್ರೋಮೋಸೋಮ್‌ಗಳು ಉಜ್ಜಿ ಗೆರೆ ಎಳೆದ ಹಾಗಿದ್ದರೆ ಹೆಬ್ಬೆರಳು ಒತ್ತುವಾಗ ಕವರ್ ಸ್ಲಿಪ್ ಜಾರಿದೆ. ಮೊದಲು ಪೆನ್ಸಿಲ್ ಹಿಂಬದಿಯಿಂದ ಹಗುರವಾಗಿ ತಟ್ಟಿ, ಆಮೇಲೆ ನೇರ ಕೆಳಕ್ಕೆ ಒತ್ತಬೇಕು.

ಮೈಟಾಟಿಕ್ ಇಂಡೆಕ್ಸ್ (ಎಣಿಸಿದ ಕೋಶಗಳಲ್ಲಿ ವಿಭಜನೆ ಆಗ್ತಿರೋವು ಎಷ್ಟು ಪಾಲು ಅನ್ನೋದು) ಎಣಿಸುವಾಗ ಇನ್ನೊಂದು: ವಿಭಜನೆ ಚೆನ್ನಾಗಿ ಕಾಣುವ ಒಂದೇ ಜಾಗ ಹುಡುಕಿ ಅಲ್ಲೇ ಎಣಿಸ್ತಾರೆ, ಸಂಖ್ಯೆ ಸಿಕ್ಕಾಪಟ್ಟೆ ಮೇಲೆ ಹೋಗುತ್ತೆ. ಐದಾರು ಕಡೆ ನೋಡಿ ಕನಿಷ್ಠ 300 ಕೋಶ ಎಣಿಸಲಿ. ಇಂಟರ್‌ಫೇಸ್ ಎಲ್ಲಿ ಮುಗೀತು, ಪ್ರೊಫೇಸ್ ಎಲ್ಲಿ ಶುರು ಅಂತ ಇಬ್ಬರು ಎಣಿಸಿದರೆ ಇಬ್ಬರಿಗೂ ಬೇರೆ ಬೇರೆ ಉತ್ತರ ಬರುತ್ತೆ. ಆ ಜಗಳ ಆಗಲಿ, ಅದು ಒಳ್ಳೇದು.

ಅಗರ್_ಪ್ಲೇಟ್

ಪ್ರಾಕ್ಟಿಕಲ್ ರೆಕಾರ್ಡ್ ಬಗ್ಗೆ ಎಚ್ಚರ. ಮೆಂಟರಿಂಗ್ ಶುರುವಾದ ಮೊದಲ ವಾರವೇ ಸೀನಿಯರ್ ರೆಕಾರ್ಡ್ ಕೈ ಬದಲಾಗಲು ಶುರುವಾಗುತ್ತದೆ. ಮೆಂಟರ್ ತನ್ನ ಹಳೆಯ ರೆಕಾರ್ಡ್ ತರುವಂತಿಲ್ಲ ಎಂದು ಮೊದಲೇ ಹೇಳಿಬಿಡಿ. ಚಿತ್ರ ತಿದ್ದುವುದಾದರೆ ಜೂನಿಯರ್ ಬಿಡಿಸಿದ್ದನ್ನೇ ತಿದ್ದಬೇಕು: ಪೆನ್ಸಿಲ್‌ನಲ್ಲೇ ಇದೆಯಾ, ಶೇಡ್ ಮಾಡಿಲ್ಲ ತಾನೇ, ಹೆಸರುಗಳ ಗೆರೆ ಒಂದನ್ನೊಂದು ದಾಟಿವೆಯಾ, ಒಟ್ಟು ವರ್ಧನೆ ಬರೆದಿದ್ದಾರಾ. 10ರ ಐಪೀಸ್, 40ರ ಆಬ್ಜೆಕ್ಟಿವ್ ಇದ್ದರೆ 400 ಎಂದು ಬರೆಯಬೇಕು, 50 ಅಲ್ಲ. ಕೂಡಿಸುವವರೂ ಇದ್ದಾರೆ.

ಮೈಕ್ರೋಮೀಟರ್ ಕ್ಯಾಲಿಬ್ರೇಶನ್‌ನಲ್ಲೂ ಹೀಗೇ. ಸ್ಟೇಜ್ ಮೈಕ್ರೋಮೀಟರಿನ ಒಂದು ಮನೆ 10 ಮೈಕ್ರಾನ್. ಐಪೀಸ್‌ನೊಳಗಿನ ಆಕ್ಯುಲರ್ ಅಳತೆಪಟ್ಟಿಯ 40 ಮನೆ ಸ್ಟೇಜಿನ 10 ಮನೆಗೆ ಸರಿ ಬಂದರೆ 100 ಮೈಕ್ರಾನನ್ನು 40ರಿಂದ ಭಾಗಿಸಿ ಒಂದು ಆಕ್ಯುಲರ್ ಮನೆ 2.5 ಮೈಕ್ರಾನ್. ಆಬ್ಜೆಕ್ಟಿವ್ ಬದಲಿಸಿದರೆ ಮತ್ತೆ ಮಾಡಬೇಕು, ಅದನ್ನೇ ಮರೆಯುತ್ತಾರೆ.

ಝೂಲಜಿಯಲ್ಲಿ ಪ್ರಾಣಿ ಛೇದನ ಕೈಬಿಡಬೇಕೆಂದು ಯುಜಿಸಿ 2014ರಲ್ಲಿ ಹೇಳಿದ ಮೇಲೆ ಸ್ಪಾಟರ್‌ಗಳ (ನೋಡಿ ಗುರುತಿಸಬೇಕಾದ ಮಾದರಿಗಳ) ತೂಕ ಹೆಚ್ಚಿದೆ. ಮೆಂಟರ್ ಎರಡೆರಡು ನಿಮಿಷಕ್ಕೆ ಒಂದು ಸ್ಪಾಟರ್ ತೋರಿಸಿ, "ಏನಿದು" ಎನ್ನುವುದರ ಜೊತೆಗೆ "ಈ ಸ್ಲೈಡಿನಲ್ಲಿ ಕಣ್ಣಿಗೆ ಕಾಣುವ ಯಾವ ಗುರುತಿನಿಂದ ಹೇಳಿದೆ" ಎಂದು ಕೇಳಬೇಕು. ಬಾಯಿಪಾಠದ ವರ್ಗೀಕರಣ ಬರೆಯುವವರು ಈ ಪ್ರಶ್ನೆಗೆ ಸುಮ್ಮನಾಗುತ್ತಾರೆ.

ಮೂರನೇ_ಬೆಂಚು

ಲೆಕ್ಕ ಬರೋ ಭಾಗಕ್ಕೆ ಏನಾದರೂ ಹೇಳಿ. ಬಯಾಲಜಿ ತಗೊಂಡಿದ್ದೇ ಲೆಕ್ಕ ಬೇಡ ಅಂತ. ಇಲ್ಲಿ ಬಂದರೆ ಮೊಲಾರಿಟಿ, ಕೈ ಸ್ಕ್ವೇರ್.

ಪಿಪೆಟ್

ಲೆಕ್ಕಕ್ಕೆ ಸೂತ್ರ ಕೊಡೋ ಮುಂಚೆ ಪಾತ್ರೆ ಕೊಡಿ. 1 ಮೋಲಾರ್ (ಲೀಟರ್‌ಗೆ ಒಂದು ಮೋಲ್, ಸುಕ್ರೋಸ್ ಆದರೆ 342 ಗ್ರಾಂ) ಸಕ್ಕರೆ ದ್ರಾವಣದಿಂದ 0.3 ಮೋಲಾರ್‌ನ 100 ಮಿಲಿ ಮಾಡಿ ಅಂದರೆ ಬಹಳ ಜನ 30 ಮಿಲಿ ಅಳೆದು 100 ಮಿಲಿ ನೀರಿಗೆ ಸುರೀತಾರೆ. ಆಯ್ತು 130 ಮಿಲಿ, 0.23 ಮೋಲಾರ್. 30 ಮಿಲಿ ತಗೊಂಡು ಒಟ್ಟು 100 ಮಿಲಿ ಗೆರೆವರೆಗೆ ನೀರು ಸೇರಿಸಬೇಕಿತ್ತು. ಮೂಲ ದ್ರಾವಣದಲ್ಲೂ ಇದೇ ಕಥೆ: 34.2 ಗ್ರಾಂ ಸುಕ್ರೋಸ್‌ಗೆ 100 ಮಿಲಿ ನೀರು ಹಾಕಿದರೆ ಒಟ್ಟು 120 ಮಿಲಿ ದಾಟುತ್ತೆ, 1 ಮೋಲಾರ್ ಆಗಲ್ಲ. ಮೆಂಟರ್ ಇಲ್ಲಿ ಬಾಯಿ ಬಿಡಬಾರದು, ಕೊನೆಯಲ್ಲಿ "ಮೆಷರಿಂಗ್ ಸಿಲಿಂಡರ್‌ನಲ್ಲಿ ಈಗ ಎಷ್ಟಿದೆ ಓದು" ಅಂದರೆ ಸಾಕು.

ವಾಟರ್ ಪೊಟೆನ್ಶಿಯಲ್: ರಿಯೋ ಗಿಡದ ಎಲೆಯ ಕೆಳಗಿನ ನೇರಳೆ ಸಿಪ್ಪೆಯಲ್ಲಿ ಅರ್ಧದಷ್ಟು ಕೋಶ ಪ್ಲಾಸ್ಮೊಲೈಸ್ ಆದ (ನೀರು ಹೊರಗೆ ಹೋಗಿ ಒಳಭಾಗ ಗೋಡೆಯಿಂದ ಬಿಟ್ಟ) ಸಾಂದ್ರತೆ ಹಿಡಿದು ಲೆಕ್ಕ ಹಾಕ್ತಾರೆ. 0.25 ಮೋಲಾರ್ ಅಂತಿಟ್ಟುಕೊಳ್ಳಿ, ತಾಪ 27 ಡಿಗ್ರಿ, ಅಂದರೆ 300 ಕೆಲ್ವಿನ್. ಸೂತ್ರ: ಮೈನಸ್ ಕಣ ಸಂಖ್ಯೆ × ಸಾಂದ್ರತೆ × ಅನಿಲ ಸ್ಥಿರಾಂಕ × ಕೆಲ್ವಿನ್ ತಾಪ. ಮೈನಸ್ 1 × 0.25 × 0.00831 × 300 = ಮೈನಸ್ 0.62 ಮೆಗಾಪಾಸ್ಕಲ್. 300ರ ಬದಲು 27 ಹಾಕಿದವರಿಗೆ ಮೈನಸ್ 0.056 ಬರುತ್ತೆ. ಸಕ್ಕರೆಗೂ ಉಪ್ಪಿನ ಹಾಗೆ 2ರಿಂದ ಗುಣಿಸಿದವರಿಗೆ ದುಪ್ಪಟ್ಟು. ಮೈನಸ್ ಬಿಟ್ಟವರಿಗೆ ನೀರು ಯಾವ ಕಡೆ ಹರಿಯುತ್ತೆ ಅನ್ನೋದೇ ತಿರುಗಾಮುರುಗಾ. ಮೂರೂ ತಪ್ಪು ಉತ್ತರ ಹಾಳೆಯ ಮೇಲೆ ಅಚ್ಚು ಹಾಕಿ, "ಇವರು ಎಲ್ಲಿ ಎಡವಿದರು ಹುಡುಕಿ" ಅಂತ ಕೊಡಿ. ತಾನೇ ಬಿಡಿಸೋದಕ್ಕಿಂತ ಬೇರೆಯವರ ತಪ್ಪು ಹಿಡಿಯೋದಕ್ಕೆ ಹುಡುಗರು ಮುಂದೆ ಬರ್ತಾರೆ.

ಹೊರನಾಡ_ಜೀವಶಾಸ್ತ್ರ

ಕೈ ಸ್ಕ್ವೇರ್‌ಗೆ (ಎಣಿಕೆ ನಿರೀಕ್ಷೆಗೆ ಎಷ್ಟು ಹೊಂದುತ್ತದೆ ಎಂದು ನೋಡುವ ಪರೀಕ್ಷೆ) ಮೆಂಡೆಲ್‌ನ ಬಟಾಣಿ ಅಂಕಿಗಳನ್ನೇ ಕೊಡಿ. ದುಂಡು ಬೀಜ 5474, ಸುಕ್ಕು ಬೀಜ 1850, ಒಟ್ಟು 7324. 3:1 ಪ್ರಕಾರ ನಿರೀಕ್ಷೆ 5493 ಮತ್ತು 1831. ಎರಡರಲ್ಲೂ ವ್ಯತ್ಯಾಸ 19. ವ್ಯತ್ಯಾಸದ ವರ್ಗವನ್ನು ಆಯಾ ನಿರೀಕ್ಷೆಯಿಂದ ಭಾಗಿಸಿ ಎರಡನ್ನೂ ಕೂಡಿದರೆ ಉತ್ತರ ಸುಮಾರು 0.26. ಒಂದು ಡಿಗ್ರಿ ಆಫ್ ಫ್ರೀಡಂಗೆ 5 ಪರ್ಸೆಂಟ್ ಮಟ್ಟದಲ್ಲಿ ಮಿತಿ 3.84. ಆದ್ದರಿಂದ 3:1 ಅನ್ನು ತಿರಸ್ಕರಿಸಲು ಆಧಾರ ಸಿಗಲಿಲ್ಲ. "3:1 ಸಾಬೀತಾಯಿತು" ಎಂದು ಬರೆದರೆ ಮೆಂಟರ್ ಅಲ್ಲಿ ನಿಲ್ಲಿಸಬೇಕು.

ಸಂಖ್ಯೆಯ ಬದಲು ಶೇಕಡಾವಾರು ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಇದೇ ಲೆಕ್ಕವನ್ನು 74.74 ಮತ್ತು 25.26 ಹಾಕಿ ಮಾಡಿಸಿ, 0.0036 ಬರುತ್ತದೆ. 7324 ಬೀಜ ಎಣಿಸಿದ ಶ್ರಮ 100 ಬೀಜದ ಶ್ರಮವಾಗಿ ಕುಗ್ಗಿಹೋಯಿತು ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಅಗರ್_ಪ್ಲೇಟ್

ನೀಟ್ ಕೋಚಿಂಗ್ ಮುಗಿಸಿ ಬಂದವರ ವಿಷಯ ಯಾರೂ ಎತ್ತಲಿಲ್ಲ. ಪ್ರತಿ ಗುಂಪಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಎನ್‌ಸಿಇಆರ್‌ಟಿ ಸಾಲುಗಳು ಅವರ ನಾಲಿಗೆಯ ತುದಿಯಲ್ಲಿ, ಎಂಸಿಕ್ಯೂ ಓದುವ ಮುಂಚೆಯೇ ಉತ್ತರ. ಗುಂಪಿನ ಉಳಿದವರು ಅವರನ್ನು ನೋಡಿ ಸುಮ್ಮನಾಗುತ್ತಾರೆ. ಅವರಿಗೆ ಬೇರೆ ಕೆಲಸ ಕೊಡಿ: ನಾಲ್ಕು ಆಯ್ಕೆಗಳಲ್ಲಿ ತಪ್ಪಾದ ಮೂರು ಯಾಕೆ ತಪ್ಪು ಎಂದು ಒಂದೊಂದು ವಾಕ್ಯ ಬರೆಯಲಿ. ಅವರಿಗೂ ಇದು ಬೇಕು. ಹತ್ತು ಅಂಕದ ಪ್ರಶ್ನೆಗೆ ಒಂದೂವರೆ ಪುಟ ಬರೆಯುವ ಅಭ್ಯಾಸ ಅವರಿಗೆ ತಪ್ಪಿಹೋಗಿರುತ್ತದೆ.

ಭಾಷೆ: ಪಿಯುಸಿಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಿ ಬಂದಿದ್ದರೂ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದವರಿಗೆ ವಾಕ್ಯ ಕಟ್ಟುವುದು ಇನ್ನೂ ಕಷ್ಟ. ಗುಂಪಿನಲ್ಲಿ ಮಾತು ಕನ್ನಡದಲ್ಲೇ ನಡೆಯಲಿ, ಆಸ್ಮಾಸಿಸ್, ಮೆಂಬ್ರೇನ್ ಅಂಥ ಪದಗಳು ಹಾಗೇ ಇರಲಿ. ಕೊನೆಯ ಹತ್ತು ನಿಮಿಷದ ಉತ್ತರ ಮಾತ್ರ ಪರೀಕ್ಷೆಯ ಭಾಷೆಯಲ್ಲಿ. ಮೊದಲು ಕನ್ನಡದಲ್ಲಿ ಬಾಯಲ್ಲಿ ಹೇಳಿ, ಆಮೇಲೆ ಚಿಕ್ಕ ಚಿಕ್ಕ ಮೂರು ಇಂಗ್ಲಿಷ್ ವಾಕ್ಯ. ಉದ್ದ ವಾಕ್ಯಕ್ಕೆ ಕೈ ಹಾಕಿದಾಗಲೇ ಅರ್ಥ ತಪ್ಪುವುದು.

ಧಾರವಾಡ_ಝೂ

ಇನ್ನ ರ್‍ಯಾಗಿಂಗ್ ಮಾತು. ಸೀನಿಯರ್-ಜೂನಿಯರ್ ಕೂಡಿಸೂ ಯೋಜನಾ ಅಂದ ಕೂಡಲೆ ಮನಿ ಮಂದಿ ಹೆದರ್ತಾರ, ಹೆದರಿಕಿ ಸುಳ್ಳಲ್ಲ. ಯುಜಿಸಿಯ 2009ರ ನಿಯಮ ಎಲ್ಲಾ ಕಾಲೇಜಿಗೂ ಲಾಗೂ ಅದ. ಅದಕ್ಕ ಜಾಗಾ ಯಾವಾಗಲೂ ಬಾಗಲಾ ತೆರೆದ ಕ್ಲಾಸ್ ರೂಮು ಇಲ್ಲಾ ಲ್ಯಾಬ್. ಹಾಸ್ಟೆಲ್ ಕೋಣಿ, ಕ್ಯಾಂಟೀನ್ ಹಿಂದ ಬ್ಯಾಡ. ರಾತ್ರಿ ಫೋನ್ ಬ್ಯಾಡ. "ಅಣ್ಣಾ, ಅಕ್ಕಾ" ಅನ್ನಲಿ ಬಿಡ್ರಿ, ಆದರ "ಸರ್" ಅನ್ನಿಸಿಕೊಳ್ಳಲಿಕ್ಕೆ ಬಿಡಬ್ಯಾಡ್ರಿ. ಮೆಂಟರ್‌ಗೆ ಹಾಜರಿ, ಅಂಕ ಕೊಡೂ ಅಧಿಕಾರ ಸುತಾರಾಂ ಇರಬಾರದು. ಕೊಟ್ಟರಂದ್ರ ಅವತ್ತಿನಿಂದ ಜೂನಿಯರ್ ತನಗ ತಿಳಿದಿಲ್ಲ ಅನ್ನೂ ಮಾತು ಆಡೂದಿಲ್ಲ.

ಮನಿ ಸಮಸ್ಯಾ, ಖಿನ್ನತಿ ಅಂಥಾ ಮಾತು ಬಂದ್ರ ಮೆಂಟರ್ ತಾನೇ ಸಲಹಾ ಕೊಡಲಿಕ್ಕೆ ಹೋಗಬಾರದು. ಅವತ್ತೇ ಒಬ್ಬ ಅಧ್ಯಾಪಕರಿಗೆ ತಿಳಿಸಬೇಕು ಅನ್ನೂದನ್ನ ಮೊದಲೇ ಜೂನಿಯರ್‌ಗೂ ಹೇಳಿರಬೇಕು. ಟೆಲಿ ಮಾನಸ್ ನಂಬರ್ 14416, ಉಚಿತ, ಕನ್ನಡದಾಗೂ ಮಾತಾಡ್ತಾರ. ಆ ನಂಬರ್ ಪ್ರಶ್ನೆ ಹಾಳಿ ಕೆಳಗ ಪ್ರತಿ ವಾರ ಅಚ್ಚು ಹಾಕ್ರಿ. ಎಲ್ಲಾರ ಹಾಳಿ ಮ್ಯಾಲೂ ಇದ್ದದ್ದಕ್ಕ ಯಾರಿಗೂ ಸಂಕೋಚ ಇರೂದಿಲ್ಲ.

ಕೋಶಭಿತ್ತಿ

ಕಡ್ಡಾಯ ಮಾಡಬೇಕಾ, ಇಷ್ಟವಿದ್ದವರಿಗೆ ಬಿಡಬೇಕಾ? ವಾಟ್ಸಾಪ್ ಗುಂಪು ಬೇಕಾ? ಫಲ ಸಿಕ್ತಾ ಇಲ್ಲವಾ ಅಂತ ಪ್ರಿನ್ಸಿಪಾಲರು ಕೇಳಿದರೆ ಏನು ತೋರಿಸೋದು?

ಬೇರುತುದಿ

ಮೊದಲ ನಾಲ್ಕು ವಾರ ಎಲ್ಲರಿಗೂ ಕಡ್ಡಾಯ, ಆಮೇಲೆ ಇಷ್ಟವಿದ್ದವರು. ಮೊದಲ ಇಂಟರ್ನಲ್ಸ್ ಬರೋ ಹೊತ್ತಿಗೆ ಇದು ಏನು ಅಂತ ಎಲ್ಲರಿಗೂ ಗೊತ್ತಿರುತ್ತೆ. "ಕಡಿಮೆ ಅಂಕದವರು ಬನ್ನಿ" ಅಂತ ಪಟ್ಟಿ ಹಾಕಿದರೆ ಆ ಪಟ್ಟಿಯಲ್ಲಿರೋರು ಯಾರೂ ಬರಲ್ಲ.

ವಾಟ್ಸಾಪ್‌ಗೆ ಒಂದೇ ನಿಯಮ ಇಡಿ. ಪ್ರಶ್ನೆ ಕೇಳೋರು ತಾವು ಎಲ್ಲಿವರೆಗೆ ಬಿಡಿಸಿದ್ದೀವಿ ಅನ್ನೋ ಫೋಟೋ ಹಾಕಬೇಕು. ಪಿಡಿಎಫ್ ಹಾಕೋದು ಬೇಡವೇ ಬೇಡ. ಹಾಕಿದ ಎರಡನೇ ವಾರಕ್ಕೆ ಅದು ನೋಟ್ಸ್ ಗೋಡೌನ್ ಆಗುತ್ತೆ, ಗುಂಪಿಗೆ ಬರೋರ ಸಂಖ್ಯೆ ಇಳಿಯುತ್ತೆ.

ಹೊರನಾಡ_ಜೀವಶಾಸ್ತ್ರ

ಫಲ ಅಳೆಯುವಾಗ ಬಂದವರ ಸರಾಸರಿಯನ್ನು ಬರದವರ ಸರಾಸರಿಯೊಂದಿಗೆ ಹೋಲಿಸಿ ಪ್ರಿನ್ಸಿಪಾಲರಿಗೆ ಕೊಡಬೇಡಿ. ಓದುವ ಛಲ ಇದ್ದವರೇ ಬರುತ್ತಾರೆ, ಅವರು ಬರದಿದ್ದರೂ ಹೆಚ್ಚು ಅಂಕ ತೆಗೆಯುತ್ತಿದ್ದರೇನೋ. ಕಂಟ್ರೋಲ್ ಇಲ್ಲದ ಪ್ರಯೋಗವನ್ನು ಜೀವಶಾಸ್ತ್ರದವರೇ ಮಾಡಿದರೆ ನಗೆಪಾಟಲು. ಕನಿಷ್ಠ ಎರಡು ಕೆಲಸ ಮಾಡಿ. ಸೆಮಿಸ್ಟರಿನ ಮೊದಲ ವಾರ ಹತ್ತು ಪ್ರಶ್ನೆಯ ಒಂದು ಪರೀಕ್ಷೆ ಕೊಡಿ, ಉತ್ತರ ಹೇಳಬೇಡಿ. ಕೊನೆಯ ವಾರ ಅದೇ ಹತ್ತು ಪ್ರಶ್ನೆ. ಇನ್ನೊಂದು, ಪಿಯುಸಿ ಜೀವಶಾಸ್ತ್ರದ ಅಂಕ ಹತ್ತಿರ ಹತ್ತಿರ ಇರುವವರೊಳಗೇ ಬಂದವರನ್ನೂ ಬರದವರನ್ನೂ ಹೋಲಿಸಿ. 90 ಜನರಲ್ಲಿ ದೊಡ್ಡ ತೀರ್ಮಾನ ಬರುವುದಿಲ್ಲ, ಆದರೆ ಯಾವ ಪ್ರಶ್ನೆಯಲ್ಲಿ ಯಾರೂ ಮುಂದೆ ಹೋಗಿಲ್ಲ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ವರ್ಷದ ಹಾಳೆ ತಿದ್ದಲು ಅಷ್ಟು ಸಾಕು.

ಪಿಪೆಟ್

ಮೆಂಟರ್‌ಗಳಿಗೆ ಏನು ಸಿಗುತ್ತೆ ಅಂತಲೂ ಯೋಚಿಸಿ. ಸರ್ಟಿಫಿಕೇಟ್ ಮಾತ್ರ ಅಂದರೆ ಒಂದು ಸೆಮಿಸ್ಟರ್ ನಡೆಯುತ್ತೆ, ಎರಡನೇ ವರ್ಷ ಯಾರೂ ಬರಲ್ಲ. ದುಡ್ಡು ಇಲ್ಲದಿದ್ದರೆ ಪಿಜಿ ಅರ್ಜಿಗೆ ಅವರು ಮಾಡಿದ ಕೆಲಸವನ್ನು ಹೆಸರಿಸಿ ಶಿಫಾರಸು ಪತ್ರ ಬರೆಯಿರಿ: ಎಷ್ಟು ವಾರ, ಯಾವ ವಿಷಯ, ಯಾವ ಪ್ರಶ್ನೆ ಹಾಳೆ ತಯಾರಿಸಿದರು. ವಾರದ ಸಭೆಗೆ ಟೀ ಬಿಸ್ಕತ್ತಿನ ಖರ್ಚು ವಿಭಾಗದ್ದು. ಹನ್ನೆರಡು ಜನ ವಾರ ವಾರ ಬರೋದಕ್ಕೆ ಟೀ ಸಣ್ಣ ಕಾರಣ ಅಲ್ಲ.

ಕೋಶಭಿತ್ತಿ

ಮೊದಲ ನಾಲ್ಕು ಹಾಳೆಗೆ ವಿಷಯ ಹೀಗಿಡ್ತೇನೆ: ಸೂಕ್ಷ್ಮದರ್ಶಕ ಮತ್ತು ಅಳತೆ, ದ್ರಾವಣ ಮತ್ತು ಆಸ್ಮಾಸಿಸ್, ಮೈಟಾಸಿಸ್, ಮಿಯಾಸಿಸ್. ಕೈ ಸ್ಕ್ವೇರ್ ಮೊದಲ ಇಂಟರ್ನಲ್ಸ್ ಆದ ಮೇಲೆ. ಆಕ್ಷೇಪ ಇದ್ದರೆ ಹೇಳಿ.

ಬೇರುತುದಿ

ಸರ್, ಮೈಟಾಸಿಸ್ ಮತ್ತು ಮಿಯಾಸಿಸ್ ಎರಡೂ ಒಂದೇ ವಾರದ ದಾರದಲ್ಲಿ ಮಾಡಿಸಬೇಡಿ, ಬೇರೆ ಬೇರೆ ವಾರ ಇಟ್ಟಿರೋದು ಸರಿ. ಮಿಯಾಸಿಸ್ ವಾರಕ್ಕೆ ಗುಂಪಿಗೆ ಟಿಚ್ ಬಟನ್ ನಾಲ್ಕು ಜೊತೆ ಬೇಕು, ಒಂದು ಕತ್ತರಿನೂ ಬೇಕು. ಕ್ರಾಸಿಂಗ್ ಓವರ್‌ಗೆ (ಅಮ್ಮನ, ಅಪ್ಪನ ಕ್ರೋಮೋಸೋಮ್‌ಗಳು ತುಂಡು ಅದಲು ಬದಲು ಮಾಡಿಕೊಳ್ಳೋದು) ಉದ್ದದ ಕೆಂಪು ದಾರದ ತುದಿಯನ್ನೂ ಅದರ ಜೋಡಿ ನೀಲಿಯ ತುದಿಯನ್ನೂ ಒಂದೇ ಅಳತೆಗೆ ಕತ್ತರಿಸಿ ಅದಲು ಬದಲು ಗಂಟು ಹಾಕಬೇಕು. ಎರಡೂ ಕಡೆ ಸಮ ಅಳತೆ ಅನ್ನೋದನ್ನ ಮೆಂಟರ್ ನೋಡಿಕೊಳ್ಳಲಿ, ಇಲ್ಲಾಂದ್ರೆ ಒಂದು ದಾರ ಉದ್ದ, ಒಂದು ಗಿಡ್ಡ ಆಗಿ ಜೀನ್ ಕಳೆದುಹೋಯ್ತು ಅಂತ ಹೊಸ ಗೊಂದಲ ಶುರುವಾಗುತ್ತೆ.